ಹುಣಸೆಹುಳಿ ತಿಂದ ಬಾನೆಟ್ಟು

ನಾನು ಒಂದು ಹಳೇ ಸ್ಪೋರ್ಟ್ಸ್ ಕಾರಿನ ಅಲ್ಯೂಮಿನಿಯಂ ಬಾನೆಟ್ಟು. ಹುಟ್ಟಿದ್ದು ಕಡಲಾಚೆ, ಯಾರದೋ ಸುತ್ತಿಗೆಯ ಕೆಳಗೆ. ಬಾಳಿದ್ದೆಲ್ಲ ಮೈಸೂರಿನಲ್ಲಿ, ದೇವಾಜಮ್ಮಣ್ಣಿಯವರ ತಂದೆಯ ಕೈಯಲ್ಲಿ. ಅವರು ತೀರಿಕೊಂಡ ಮೇಲೆ ಮಗಳು ತಗ್ಗುಬಿದ್ದ ನನ್ನನ್ನು ಟಿಂಕರ್ ಮೋನಾಚಾರಿಯ ಶೆಡ್ಡಿಗೆ ತಂದರು. "ಆಚಾರ್ರೇ, ಅಪ್ಪಾಜಿ ದಿನಾ ಸವರ್ತಿದ್ದ ಬಾನೆಟ್ ಇದು. ಬದಲಾಯಿಸಬೇಡಿ, ಇದನ್ನೇ ಉಳಿಸ್ಕೊಡಿ" ಎಂದರು.

ಮೋನಾಚಾರಿಯ ಕೈಗೆಲಸ ಬಂಗಾರ, ಸುಳ್ಳು ಹೇಳಬಾರದು. ಮರದ ಸುತ್ತಿಗೆಯಲ್ಲಿ ನನ್ನ ತಗ್ಗುಗಳನ್ನೆಲ್ಲ ಎಬ್ಬಿಸಿದ. ಒಳಗಿನ ಕಬ್ಬಿಣದ ಚೌಕಟ್ಟು ತಾಗಿದರೆ, ನೀರು ಬಿದ್ದಾಗ ನಾನು ಸವೆಯುತ್ತೇನೆಂದು ನಡುವೆ ರಬ್ಬರ್ ಪಟ್ಟಿ ಇಟ್ಟ. ಅಷ್ಟಕ್ಕೇ ನಿಲ್ಲಿಸಿದ್ದರೆ! ಆಯುಧಪೂಜೆಯ ಮುನ್ನಾದಿನ, ಮನೆಯ ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ನನ್ನನ್ನೂ ತಿಕ್ಕಿಬಿಟ್ಟ. ಬಣ್ಣ ಹೊಡೆಯುವ ಖಲೀಲ "ಅಣ್ಣಾ, ಉಪ್ಪು ಬೇಡ" ಎಂದ. "ನಮ್ಮಜ್ಜಿ ಕಾಲದ್ದು ಕಣೋ, ನಂಗೇ ಹೇಳ್ಕೊಡ್ತೀಯಾ?" ಎಂದು ಮೋನಾಚಾರಿ ಗದರಿದ. ಫಳಫಳ ಹೊಳೆದೆ, ಹೇಳಲು ನಾಚಿಕೆ, ನಾನೂ ಬೀಗಿದೆ. ಅಂಚಿನ ಮಡಿಕೆಯೊಳಗೆ ಇಳಿದ ಉಪ್ಪುಹುಳಿ ಮಾತ್ರ ತೊಳೆದರೂ ಹೋಗಲಿಲ್ಲ. ಅದರ ಮೇಲೇ ಖಲೀಲ ಮೊದಲು ಪ್ರೈಮರ್, ಆಮೇಲೆ ಬಣ್ಣ ಹೊಡೆದ; ಕಾರು ಮನೆಗೆ ಹೋಯಿತು.

ಎಂಟು ತಿಂಗಳಿಗೆ ಬಣ್ಣದಡಿ ಗುಳ್ಳೆಗಳೆದ್ದವು. ಅಮ್ಮಣ್ಣಿ ಬಂದು ಕೇಳಿದಾಗ ಮೋನಾಚಾರಿ ನನ್ನ ಕಡೆ ನೋಡಲೇ ಇಲ್ಲ. "ಖಲೀಲ ಪ್ರೈಮರ್ ಸರಿಯಾಗಿ ಹೊಡ್ದಿಲ್ಲ, ತಾಯಿ" ಅಂದುಬಿಟ್ಟ. ಖಲೀಲ ಪಕ್ಕದಲ್ಲೇ ನಿಂತಿದ್ದ. ಇಪ್ಪತ್ತು ವರ್ಷ ಜೊತೆಗೆ ದುಡಿದವನು, ಸ್ಪ್ರೇ ಗನ್ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಅಯ್ಯೋ, ನನಗೊಂದು ಬಾಯಿದ್ದಿದ್ದರೆ!

ಮರುದಿನ ಮೋನಾಚಾರಿ ನನ್ನ ಮಡಿಕೆ ಬಿಚ್ಚಿದ. ಅಂಚೆಲ್ಲ ಬಿಳೀ ಪುಡಿಯಾಗಿ ಉದುರಿತು. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ತಾಗಿಸಿದ. ಉಪ್ಪು! ಅಂಚಿನುದ್ದಕ್ಕೂ ಒತ್ತಿ ನೋಡಿದ. ಉಳಿಸಿಕೊಳ್ಳುವಷ್ಟು ಗಟ್ಟಿ ತಗಡು ನನ್ನಲ್ಲಿ ಉಳಿದಿರಲಿಲ್ಲ.

ಗ್ರೀಸು ಮೆತ್ತಿದ ಅಂಗಿಯಲ್ಲೇ ಹೋಗಿ ಅಮ್ಮಣ್ಣಿ, ಖಲೀಲ ಇಬ್ಬರನ್ನೂ ಕರೆತಂದ. ನನ್ನೆದುರೇ ನಿಂತು, "ತಪ್ಪು ನಂದು, ಅಮ್ಮಣ್ಣಿ. ಉಪ್ಪು ಹಾಕಿ ತಿಕ್ಬೇಡ ಅಂತ ಇವ್ನು ಅಂದಿದ್ದ. ಇವ್ನ ಮೇಲೇ ಹೊರಿಸ್ದೆ, ನಾಚ್ಕೆಗೆಟ್ಟೋನು ನಾನು" ಎಂದ. ಅಮ್ಮಣ್ಣಿ ಬೈಯಲಿಲ್ಲ. ನನ್ನನ್ನೊಮ್ಮೆ ಸವರಿ, ಕಣ್ಣೊರೆಸಿಕೊಂಡು, "ಹೊಸದು ಮಾಡಿ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಕಾರಿಗೆ ಹೊಸ ಬಾನೆಟ್ಟು. ನಾನು ಶೆಡ್ಡಿನ ಗೋಡೆಯಲ್ಲಿ, ತಿಂದುಹೋದ ಅಂಚು ಎಲ್ಲರಿಗೂ ಕಾಣುವಂತೆ ನೇತಾಡುತ್ತಿದ್ದೇನೆ. ಮತ್ತೆ ಕೆಲಸಕ್ಕೆ ಬಂದಿರುವ ಖಲೀಲ ಹೋದ ವಾರ ಕೇಳಿದ: "ಅಣ್ಣಾ, ನೋಡೋಕಾಗಲ್ಲ. ಒಂದು ಕೋಟ್ ಬಣ್ಣ ಹೊಡೀಲಾ?"

ಮೋನಾಚಾರಿ ತಲೆ ಎತ್ತಲಿಲ್ಲ. "ಬೇಡ ಕಣಪ್ಪಾ. ಹಂಗೇ ಇರ್ಲಿ. ನಂಗೆ ದಿನಾ ಕಾಣ್ಲಿ."