ಮಾವನಿಗೊಂದು ಮೆತ್ತನೆಯ ಬ್ರೆಡ್ಡು

ಕಂದು ಬಣ್ಣದ ಬ್ರೆಡ್ಡೆಲ್ಲ ಗೋಧಿಯದಲ್ಲ, ಇದಕ್ಕೆ ಸಕ್ಕರೆ ಸುಟ್ಟು ಬಣ್ಣ ಕಟ್ಟಿದ್ದಾರೆ, ಪೊಟ್ಟಣ ತಿರುಗಿಸಿದರೆ ಮೊದಲನೆಯ ಹೆಸರೇ ಮೈದಾ, ಗೋಧಿ ಐದನೆಯ ಸಾಲಿನಲ್ಲಿ ಮುದುರಿಕೊಂಡು ಕೂತಿದೆ, ಮುಂದುಗಡೆ ಮಾತ್ರ ತೆನೆಯ ಚಿತ್ರ ಇಷ್ಟಗಲ — ಇಡು ಅಲ್ಲೇ, ಇಂಥದ್ದನ್ನು ಹಿಡಿದವರ ಕೈಯಿಂದ ಕಿತ್ತು ವಾಪಸ್ ಇಡಿಸುವವಳು ನಾನು, ಆಸ್ಪತ್ರೆಯ ಹನ್ನೆರಡನೇ ನಂಬರ್ ಕೋಣೆಯಲ್ಲಿ ಕೂತು ದಿನಕ್ಕೆ ಮೂವತ್ತು ಜನಕ್ಕೆ ಏನು ತಿನ್ನಬೇಕು ಏನು ಬಿಡಬೇಕು ಎಂದು ಪಟ್ಟಿ ಬರೆದುಕೊಡುವವಳು, ಮೊದಲ್ನೇ ಹೆಸರು ಇಡೀ ಗೋಧಿ ಅಂತ್ಲೇ ಇರ್ಬೇಕು ರೀ, ಒಂದು ಹೋಳಲ್ಲಿ ಮೂರು ಗ್ರಾಂ ಆದ್ರೂ ನಾರು ಇರ್ಬೇಕು, ಬೀಜ ಕಣ್ಣಿಗೆ ಕಾಣ್ಬೇಕು, ಎಷ್ಟು ಸಲೀಸಾಗಿ ಹೇಳುತ್ತೇನೆ, ಉಸಿರೂ ತೆಗೆದುಕೊಳ್ಳದೆ. ಒಬ್ಬರನ್ನಾದರೂ ಕೇಳಿದ್ದೇನೆಯೇ, ನಿಮಗೆ ಅಗಿಯಲು ಆಗುತ್ತದೆಯೇ ಎಂದು. ಅಂಗಡಿಯ ಮೇಲಿನ ಸಾಲಿನಲ್ಲಿ ನಮ್ಮ ಮನೆಗೆ ಒಯ್ಯುವ ಬ್ರೆಡ್ಡು, ಹಸಿರು ಪೊಟ್ಟಣ, ಏಳು ಬಗೆಯ ಬೀಜ, ಕೈ ತಾನಾಗಿ ಹೋಯಿತು, ಎರಡು ವರ್ಷದ ಅಭ್ಯಾಸ, ಹಿಂದಕ್ಕೆಳೆದುಕೊಂಡೆ. ಮಾವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ವಾರಕ್ಕೆ ಎರಡು ಪೊಟ್ಟಣ, ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ, ನಮ್ಮ ಮಾವನ ಸಕ್ಕರೆ ಹೇಗೆ ಹತೋಟಿಗೆ ಬಂತು ಗೊತ್ತಾ, ಮಾವ ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದರು, ಹೌದ್ಹೌದು, ನಮ್ಮ ಸೊಸೆ ಇಲ್ದಿದ್ರೆ ನಾನೆಲ್ಲಿರ್ತಿದ್ದೆ — ಆದರೆ ನಮ್ಮ ಜೊತೆ ಕೂತು ತಿಂದವರಲ್ಲ, ನೀವು ಹೊರಡಿ, ಹೊತ್ತಾಗುತ್ತೆ, ನಾನು ನಿಧಾನಕ್ಕೆ ತಿಂತೀನಿ, ಹಿರಿಯರ ಸಂಕೋಚ ಅಂದುಕೊಂಡೆ, ನಿಜ ಹೇಳಬೇಕೆಂದರೆ ಅಷ್ಟೂ ಅಂದುಕೊಳ್ಳಲಿಲ್ಲ, ಹೊತ್ತಾಗುತ್ತಿತ್ತು, ಹೊರಟುಬಿಡುತ್ತಿದ್ದೆ.

ಇವತ್ತು ಮಾತ್ರ ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸ್ ಬಂದೆ, ಬಾಗಿಲು ತೆಗೆದರೆ ಮಾವ ಮೇಜಿನ ಮುಂದೆ, ನೀರಿನ ಲೋಟದಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು, ಹಳೆಯ ಪೇಪರಿನ ಮೇಲೆ ಬ್ರೆಡ್ಡಿನ ಹೋಳು, ನಲವತ್ತು ವರ್ಷ ಕೋಟು ಹೊಲಿದ ಕೈಯಲ್ಲಿ ಸೂಜಿ, ಒಂದೊಂದೇ ಬೀಜವನ್ನು ಮೀಟಿ ತೆಗೆದು ಇಡುತ್ತಿದ್ದಾರೆ, ಕುಂಬಳದ್ದು ಒಂದು ಕಡೆ, ಅಗಸೆ ಒಂದು ಕಡೆ, ಅದರಲ್ಲೂ ಅಚ್ಚುಕಟ್ಟು, ನನ್ನನ್ನು ಕಂಡದ್ದೇ — ಕೈ, ಎಡಗೈ, ಬಾಯಿಯ ಮೇಲೆ. ಬೊಚ್ಚುಬಾಯಿ ಸೊಸೆಗೆ ಕಾಣಬಾರದು. ಕೈಯ ಹಿಂದಿನಿಂದಲೇ ಮಾತು, ಎಸೆಯೋಲ್ಲಮ್ಮ, ಹಾಲಲ್ಲಿ ನೆನೆಸಿಟ್ಟು ಸಂಜೆ ತಿಂತೀನಿ, ಸೆಟ್ಟಿನ ಕೆಳಗೆ ಸಿಕ್ಕೊಂಡ್ರೆ ವಸಡು ಕೊಯ್ಯುತ್ತೆ, ಅದಕ್ಕೆ, ತಪ್ಪು ತಿಳ್ಕೋಬೇಡ. ನಾನೇನು ಅಂದೆ? ಮಾವನನ್ನು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಿಲ್ಲಿಸಿಕೊಂಡು, ಹನ್ನೆರಡನೇ ನಂಬರ್ ಕೋಣೆಯ ದನಿಯಲ್ಲಿ, ಬೀಜ ತೆಗೆದ್ರೆ ಇನ್ನೇನು ಉಳೀತು ಮಾವ, ಇದಕ್ಕಾ ನಾನು ಹುಡುಕಿ ಹುಡುಕಿ ತರೋದು, ಅಂದೆ. ಅಂದೇ ಬಿಟ್ಟೆ. ಕನ್ನಡಕ ತೆಗೆದುಕೊಂಡು ಮೆಟ್ಟಿಲಿಳಿದೆ, ಬಸ್ಸು ಹತ್ತಿದೆ, ಮೊದಲನೆಯ ರೋಗಿಗೆ ಪಟ್ಟಿ ಬರೆಯುವಾಗ ಮುಖ ಕಾವೇರತೊಡಗಿತು, ನಾಚಿಕೆ ಇಷ್ಟು ತಡವಾಗಿ ಬರುತ್ತದೆಂದು ಗೊತ್ತಿರಲಿಲ್ಲ, ಬಂದದ್ದು ಇನ್ನೂ ಹೋಗಿಲ್ಲ. ಎರಡು ವರ್ಷ, ದಿನಾ ಬೆಳಿಗ್ಗೆ, ಸೂಜಿ ಹಿಡಿದು.

ಮೇಡಮ್, ನಮಸ್ಕಾರ — ಯಾರು, ಓ, ಹೋದ ತಿಂಗಳು ಆಸ್ಪತ್ರೆಗೆ ಬಂದಿದ್ದ ಹೆಂಗಸು, ಗಾಡಿ ತುಂಬ ಸಾಮಾನು, ನೋಡಿ, ನೀವು ಹೇಳಿದ್ದೇ ತಗೊಂಡಿದೀನಿ, ಹಸಿರು ಪೊಟ್ಟಣ ಎತ್ತಿ ತೋರಿಸುತ್ತಾಳೆ, ನಮ್ಮನೆಯವ್ರಂತೂ ಕುದುರೆಗೆ ಹಾಕೋದನ್ನ ನನಗ್ಯಾಕೆ ಹಾಕ್ತೀಯ ಅಂತಾರೆ, ನಕ್ಕೆ, ನಗಲೇಬೇಕಲ್ಲ, ಮನೇಲಿ ವಯಸ್ಸಾದವರು ಯಾರಾದ್ರೂ ಇದಾರಾ ಎಂದು ಕೇಳಬೇಕಿತ್ತು, ಹೊರಟೇ ಹೋದಳು. ತಟ್ಟೆಯಲ್ಲಿ ರುಚಿ ನೋಡಲು ತುಂಡುಗಳಿವೆ, ಒಂದು ಬೀಜದ್ದು, ಬಾಯಿಗೆ ಹಾಕಿಕೊಂಡೆ, ಹಲ್ಲು ತಾಗಿಸಬಾರದು, ನಾಲಿಗೆಯಿಂದ ಅಂಗುಳಿಗೆ ಒತ್ತು, ಒತ್ತು, ತಿರುಳು ಹೋಗಿ ಬೀಜ ಉಳಿಯಿತು, ಮೊನೆ ಒತ್ತುತ್ತಿದೆ, ನುಂಗಲೂ ಆಗದು ಉಗುಳಲೂ ಆಗದು, ಮಾರುವವಳು ನೋಡುತ್ತಿದ್ದಾಳೆ, ಹಲ್ಲು ನೋವಾ ಮೇಡಮ್, ಹ್ಞೂಂ ಅಂದೆ, ಹಾಗಾದ್ರೆ ಇದು ನೋಡಿ, ಮೆತ್ತಗಿದೆ, ಓಟ್ಸ್ ಹಾಕಿರೋದು. ನಾಲ್ಕು ಒತ್ತಿಗೆ ಕರಗಿತು, ರುಚಿಯೂ ಇದೆ, ಗೋಧಿಯ ಘಮ, ಪೊಟ್ಟಣ ತಿರುಗಿಸಿದೆ, ಮೊದಲ ಹೆಸರು ಇಡೀ ಗೋಧಿ, ನಾರು ಮೂರೂವರೆ ಗ್ರಾಂ, ಸಕ್ಕರೆ ಇಲ್ಲವೆನ್ನುವಷ್ಟು, ಬೀಜವಿಲ್ಲ. ಎರಡು ವರ್ಷವೂ ಇಲ್ಲೇ ಇತ್ತು, ಹಸಿರು ಪೊಟ್ಟಣಕ್ಕಿಂತ ಒಂದು ಗೇಣು ಕೆಳಗೆ, ಕಣ್ಣು ತಗ್ಗಿಸಿದ್ದರೆ ಸಿಗುತ್ತಿತ್ತು. ಫೋನ್ ಮಾಡು, ಈಗಲೇ, ತಪ್ಪಾಯ್ತು ಮಾವ ಅನ್ನು, ಎರಡು ಪದ, ಮನೆಗೆ ಹೋಗಿ ಮುಖ ನೋಡಿಕೊಂಡು ಹೇಳುವ ಧೈರ್ಯ ನಿನಗಿಲ್ಲ, ಗೊತ್ತಿದೆ — ಹಲೋ ಮಾವ, ಅಂಗಡೀಲಿದೀನಿ, ಬ್ರೆಡ್ ಯಾವುದು ತರ್ಲಿ, ಥೂ, ಇದನ್ನಲ್ಲ ಕೇಳಬೇಕಾದ್ದು, ಆ ಕಡೆ ಮಾವ, ನೀನು ತರೋದೇ ತಾರಮ್ಮ, ಅದೇ ಚೆನ್ನಾಗಿದೆ, ನೀನು ಹೋದ್ಮೇಲೆ ಬೀಜಾನೂ ತಿಂದೆ, ಮತ್ತೊಂದೂ ತೆಗೀಲಿಲ್ಲ — ದನಿ ಅಡಗಿದಂತಿದೆ, ಫೋನ್ ಸರಿಯಿಲ್ಲವೇನೋ, ಇಲ್ಲ, ಗೋಡೆ ಗಡಿಯಾರದ ಸದ್ದು ಸ್ಪಷ್ಟವಾಗಿ ಕೇಳುತ್ತಿದೆ, ಮಾತು ಮಾತ್ರ ಯಾವುದರದೋ ಹಿಂದಿನಿಂದ, ಮನೆಯಲ್ಲಿ ಯಾರೂ ಇಲ್ಲ ಈಗ, ನೋಡುವವರು ಯಾರೂ ಇಲ್ಲ, ನಾನೂ ಇಲ್ಲ, ಮಾವ, ನಾನು ಅಲ್ಲಿಲ್ಲ, ತೆಗೆಯಿರಿ, ಆ ಕೈ, ಎಡಗೈ, ಬಾಯಿಯ ಮೇಲೆ.