ಬೀಗ ಹಾಕಿದ ಮನೆ

ಬೋಗಾದಿ ಹಳೇ ಊರಿನ ತಗ್ಗು ಬೀದಿಯಲ್ಲಿ ಮೂರು ದಿನದಿಂದ ಮೊಣಕಾಲು ಮಟ್ಟದ ನೀರು. ಹಟ್ಟಿಯ ಗಂಜಲ, ಚರಂಡಿಯ ಹೊಲಸು, ಸತ್ತ ಇಲಿ ಎಲ್ಲವೂ ಅದರೊಳಗೇ. ಆಶಾ ಕಾರ್ಯಕರ್ತೆ ಚಾಮುಂಡೇಶ್ವರಿ ಗಂಬೂಟು ತೊಟ್ಟು, ಇಂಥ ನೀರಿನಿಂದ ಹರಡುವ ಇಲಿಜ್ವರ ಬಾರದಂತೆ ಮಾತ್ರೆ ಹಂಚುತ್ತಿದ್ದಳು. ಮಾತ್ರೆ ಕೊಟ್ಟ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಸರಿ ಗುರುತು. ಬೀಗ ಹಾಕಿದ್ದರೆ ಅಡ್ಡಗೀಟು.

ಊರಿನ ಸಿರಿವಂತ ವೃಷಭೇಂದ್ರಪ್ಪ ತನ್ನ ಮನೆಯ ಉಪ್ಪರಿಗೆಯಲ್ಲಿ ನಿಂತಿರುವುದು ಕಾಣುತ್ತಿತ್ತು. ಆದರೂ ಅವಳು ಅವನ ಗೇಟಿನ ಕಂಬಕ್ಕೆ ಅಡ್ಡಗೀಟು ಎಳೆದಳು.

ಹೋದ ವರ್ಷ ಈತ ಹಿತ್ತಲ ಕಾಲುವೆಗೆ ಮಣ್ಣು ತುಂಬಿಸಿ ಸೈಟು ಮಾಡಿದ್ದ. ಮಳೆಗೆ ನೀರು ಅವಳ ಮನೆಯ ದನದ ಹಟ್ಟಿಗೆ ನುಗ್ಗಿತು. ಹಸು ಬಿಚ್ಚಲೆಂದು ನೀರಿಗಿಳಿದ ಅವಳ ಗಂಡ ಮಹದೇವ, ಜ್ವರ ಹಿಡಿದ ಒಂಬತ್ತನೇ ದಿನಕ್ಕೆ ಕಣ್ಣು ಹಳದಿಯಾಗಿ ಸತ್ತ. "ಕುಡುಕ, ಲಿವರ್ ಹೋಗಿ ಸತ್ತ" ಎಂದು ವೃಷಭೇಂದ್ರಪ್ಪ ಊರೆಲ್ಲ ಹಬ್ಬಿಸಿದ. ಮಹದೇವ ಹೆಂಡ ಮುಟ್ಟಿದವನೇ ಅಲ್ಲ.

"ಏನಮ್ಮ, ಕಣ್ಣು ಕಾಣಲ್ವಾ? ಇಲ್ಲೇ ಇದ್ದೀನಿ! ನಿನ್ನೆ ಮೋಟ್ರು ನೋಡೋಕೆ ನೀರಿಗಿಳಿದಿದ್ದೆ, ಮಾತ್ರೆ ಕೊಟ್ಟು ಹೋಗು."

"ಗುರುತು ಹಾಕ್ಬುಟ್ಟೆ ಯಜಮಾನ್ರೇ. ಬೀಗದ ಮನೆಯೋರು ಅಂಗನವಾಡಿ ಜಗಲಿಗೇ ಬಂದು ತಗೋಬೇಕು. ರೂಲ್ಸು ಕಣ್ರೀ."

ಊರಿನ ಒಂದೇ ಮೆಡಿಕಲ್ ಅಂಗಡಿಯೂ ನೀರು ನುಗ್ಗಿ ಶಟರ್ ಎಳೆದಿತ್ತು. ಮಧ್ಯಾಹ್ನದ ಹೊತ್ತಿಗೆ ಆತ ಪಂಚೆಯನ್ನು ತೊಡೆಗೆತ್ತಿಕೊಂಡು, ಗೋಡೆ ಹಿಡಿದು, ಕಾಲಿನಿಂದ ನೆಲ ತಡಕುತ್ತ ಬಂದ. ಜಗಲಿಯ ಮೇಲೆ ಕೇರಿಯ ಏಳೆಂಟು ಜನ ಕೂತಿದ್ದರು. ಯಾರೂ ಕೈ ಕೊಡಲಿಲ್ಲ.

ಚಾಮುಂಡೇಶ್ವರಿ ಮಾತ್ರೆಯ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಳು.

"ನಮ್ಮೆಜಮಾನ್ರು ಯಾವ ಕಾಯ್ಲೆಗೆ ತೀರೋದ್ರು, ಹೇಳಿ."

"ಈಗ್ಯಾಕಮ್ಮ ಅದು? ನೀರಲ್ಲಿ ನಿಂತಿದ್ದೀನಿ."

"ನಿಂತಿರಿ. ಅವ್ರೂ ನಿಂತಿದ್ರು."

ಆತ ಸುತ್ತ ನೋಡಿದ. ಕಾಲಿಗೆ ಏನೋ ತಗುಲಿ ಮೈ ಕೊಡವಿದ. "ಜ್ವರಕ್ಕೆ" ಎಂದ, ತುಟಿಯಲ್ಲೇ.

"ಜೋರಾಗಿ ಹೇಳಿ. ಸಣ್ಣಮಾದಯ್ಯಂಗೆ ಕಿವಿ ಮಂದ."

"ನಂಗೆ ಕೇಳಿಸ್ತು ಕಣವ್ವ" ಎಂದ ಮುದುಕ ಸಣ್ಣಮಾದಯ್ಯ.

"ಸುಮ್ಕಿರು ತಾತ, ನಿಂಗೆ ಕೇಳ್ಸಿಲ್ಲ."

"ಇಲಿಜ್ವರಕ್ಕೆ ಸತ್ತ!" ವೃಷಭೇಂದ್ರಪ್ಪನ ದನಿ ಒಡೆಯಿತು. "ಕುಡೀತಿರ್ಲಿಲ್ಲ. ನಾನೇ ಸುಳ್ಳು ಹೇಳ್ದೆ. ಕಾಲ್ವೆ ಮುಚ್ಚಿದ್ದೂ ನಾನೇ."

ಅವಳು ಆತನ ಹೆಸರು ಬರೆದು, ಎರಡು ಮಾತ್ರೆ ಎಣಿಸಿ ಅಂಗೈಗೆ ಹಾಕಿದಳು. ಆತ ಜಗಲಿ ಹತ್ತಲು ಕಾಲೆತ್ತಿದ. ಅವಳು ಚೀಲವನ್ನು ಆ ಜಾಗಕ್ಕೇ ಸರಿಸಿಟ್ಟಳು.

"ಉಂಡು ನುಂಗಿ ಯಜಮಾನ್ರೇ. ಬಂದ ದಾರೀಲೇ ಹೋಗಿ."