ಕುದಿಸದ ನೇರಳೆ

ಅರವತ್ತು ರೂಪಾಯಿ ಎಂದರೆ ಆ ಕಾಲಕ್ಕೆ ಹೊಸನಗರದ ಕಡೆ ಕರುವಿನ ಸಮೇತ ಒಂದು ಗಿಡ್ಡ ಹಸು ಬರುತ್ತಿತ್ತು. ಅಷ್ಟು ದುಡ್ಡು ಸುರಿದು ಮುಕುಂದಯ್ಯ ಗೌಡರು ಗೋವಾದಿಂದ ಒಂದು ಬಾಟಲಿ ತರಿಸುತ್ತಿದ್ದಾರೆ ಎಂದು ಕೇಳಿದಾಗ ಯಮುನಮ್ಮನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಆ ಬಾಟಲಿ ಬರುತ್ತಿದ್ದುದು ಅವಳ ನೇರಳೆ ರಸದ ಭರಣಿಯ ಮೇಲೆ ಗೌಡರಿಗೆ ನಂಬಿಕೆ ಹೋದದ್ದರಿಂದ.

ಯಮುನಮ್ಮ ಸೂಲಗಿತ್ತಿ. ಹೊಸನಗರದಿಂದ ಮೂರು ಮೈಲಿ ಆಚೆ, ಹಳ್ಳದ ಎರಡೂ ದಂಡೆಯ ಮನೆಗಳಲ್ಲಿ ಮೂವತ್ತು ವರ್ಷದಿಂದ ಹುಟ್ಟಿದ ಮಕ್ಕಳನ್ನೆಲ್ಲ ಮೊದಲು ಎತ್ತಿಕೊಂಡ ಕೈ ಅವಳದು. ಹೆರಿಗೆ ಮಾಡಿಸಿ ಎದ್ದು ಹೋಗುವವಳಲ್ಲ ಅವಳು. ನಲವತ್ತು ದಿನ ಬಾಣಂತನವೂ ಅವಳದೇ. ಎಣ್ಣೆ ನೀರು, ಹೊಗೆ, ಪಥ್ಯ ಎಲ್ಲ ಅವಳು ಹೇಳಿದಂತೆ ನಡೆಯಬೇಕು. ಒಡೆಯರ ಮನೆಯ ಯಜಮಾನಿಯಾದರೂ ಸರಿ, ಬಾಣಂತಿ ಕೋಣೆಯ ಹೊಸ್ತಿಲು ದಾಟಿದ ಮೇಲೆ ಅವಳ ಮಾತಿಗೆ ಎದುರಾಡುವಂತಿಲ್ಲ. ಎದುರಾಡಿದವರನ್ನು ಅವಳು ಹೊರಗೆ ಕಳಿಸಿದ್ದೂ ಉಂಟು.

ಆ ಪಥ್ಯದಲ್ಲಿ ದೊಡ್ಡದು ನೇರಳೆ ರಸ. ಮಳೆ ಹಿಡಿಯುವ ಮುಂಚೆ ಹಳ್ಳದ ದಂಡೆಯ ಮರದಡಿ ಉದುರಿದ ಹಣ್ಣನ್ನು ಬಳಿದು ತಂದು, ಬೆಲ್ಲ, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಹಾಕಿ ಭರಣಿಗೆ ತುಂಬುವಳು. ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಭತ್ತದ ಕಣಜದಲ್ಲಿ ಕುತ್ತಿಗೆವರೆಗೆ ಹುಗಿದಿಡುವಳು. ಆಮೇಲೆ ದಿನಾ ಬೆಳಿಗ್ಗೆ ಹೋಗಿ ಭರಣಿಗೆ ಕಿವಿ ಹಚ್ಚುವಳು. ಒಳಗೆ ಗುಜುಗುಜು ಎನ್ನುವ ಸದ್ದು ನಿಂತ ದಿನ ರಸ ಆಯಿತೆಂದು ಲೆಕ್ಕ. ಖರ್ಚು ಎಂದರೆ ಬೆಲ್ಲದ್ದು, ಅಷ್ಟೇ.

ಇದನ್ನು ಕಲಿಸಿದ ಅತ್ತೆ ಎರಡು ಕಟ್ಟುಪಾಡು ಹೇಳಿದ್ದಳು. ಒಂದು, ಭರಣಿಯ ರಸಕ್ಕೆ ಮಾಡಿದವಳು ನಾಲಗೆ ತಾಗಿಸಬಾರದು. ಅದು ಬಾಣಂತಿಯರ ಪಾಲು, ಎಂಜಲಾಗಬಾರದು. ಎರಡು, ಕುದಿಸದೆ ಕೊಡಬಾರದು. ಮೆಣಸು, ಶುಂಠಿ, ಬೆಲ್ಲ ಹಾಕಿ ತಾಮ್ರದ ಚೊಂಬಿನಲ್ಲಿ ಅರ್ಧಕ್ಕೆ ಇಳಿಸಿಯೇ ಕೊಡಬೇಕು, ಇಲ್ಲದಿದ್ದರೆ ಶೀತವಾಗುತ್ತದೆ. ನಂಬುವುದು ಕಷ್ಟ, ಆದರೆ ಮೂವತ್ತು ವರ್ಷ ಮಾಡಿದ ರಸ ಹಸಿಯಲ್ಲಿ ಹೇಗಿರುತ್ತದೆಂದು ಯಮುನಮ್ಮನಿಗೇ ಗೊತ್ತಿರಲಿಲ್ಲ. ಕುದಿಸಿ ಬಗ್ಗಿಸಿದ ಮೇಲೆ ಚೊಂಬಿನ ತಳದಲ್ಲಿ ಉಳಿದದ್ದನ್ನು ಬೆರಳಿಂದ ಸವರಿ ನೆಕ್ಕುವಳು. ಖಾರ, ಒಗರು, ಸುಟ್ಟ ಬೆಲ್ಲ. ಅವಳ ಪಾಲಿಗೆ ನೇರಳೆ ರಸ ಎಂದರೆ ಅದು.

ಅವಳಿಗಿದ್ದ ಒಬ್ಬಳೇ ಮಗಳು ಮೀನಾಕ್ಷಿ ಮೊದಲ ಬಾಣಂತನದಲ್ಲೇ ಜ್ವರ ಬಂದು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ದೀಪಾವಳಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಯಮುನಮ್ಮ ಮಗಳ ಎಲೆಯ ಪಕ್ಕ ಕುದಿಸಿದ ರಸದ ಲೋಟವನ್ನೂ ಇಡುತ್ತಿದ್ದಳು. ಬಾಣಂತಿಯಾಗಿಯೇ ಹೋದವಳಲ್ಲವೇ, ಅವಳಿಗೆ ಅದು ಸಲ್ಲಬೇಕು.

ಗೋವಾ ನಮ್ಮದಾಗಿ ಎರಡು ವರ್ಷ ಕಳೆದಿತ್ತು. ಆ ವರ್ಷ ದಸರೆ ಮುಗಿದ ವಾರ ಮುಕುಂದಯ್ಯ ಗೌಡರ ಮಗಳು ಶಾಂತಮ್ಮ ತವರಿನಲ್ಲಿ ಹೆಣ್ಣುಮಗುವನ್ನು ಹೆತ್ತಳು. ಹೆರಿಗೆ ಸಲೀಸಾಯಿತು. ಕಷ್ಟ ಶುರುವಾದದ್ದು ಆಮೇಲೆ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕೊಟ್ಟರೆ ವಾಂತಿ, ಸಾರನ್ನ ಕೊಟ್ಟರೆ ವಾಂತಿ, ನೇರಳೆ ರಸದ ಚೊಂಬು ಹೊಸ್ತಿಲಿಗೆ ಬಂದರೆ ಸಾಕು ಮೂಗು ಮುಚ್ಚಿಕೊಳ್ಳುವಳು. ಎಂಟು ದಿನಕ್ಕೆ ಕಣ್ಣು ಗುಳಿ ಬಿದ್ದವು. ಎದೆಯಲ್ಲಿ ಹಾಲು ಬತ್ತಿತು. ಮಗುವಿಗೆ ಹತ್ತಿಯ ಬತ್ತಿಯಲ್ಲಿ ದನದ ಹಾಲು ಅದ್ದಿ ಚೀಪಿಸುವ ಹಾಗಾಯಿತು.

ಸಾಗರದಿಂದ ಡಾಕ್ಟರು ಬಂದು ನೋಡಿ, "ರೋಗ ಏನಿಲ್ಲ, ಊಟ ಸೇರ್‍ಬೇಕು. ಹಸಿವು ಹುಟ್ಟೋಕೆ ಸ್ವಲ್ಪ ವೈನು ಕೊಟ್ಟು ನೋಡಿ" ಎಂದು ಹೇಳಿ ಹೋದರು.

"ಯಮುನನ ರಸನೂ ವೈನೇ ಅಲ್ದಾ?" ಎಂದರು ಗೌಡರ ಹೆಂಡತಿ ಜಲಜಮ್ಮ.

"ಅದು ನೇರಳೆ ನೀರು ಮಾರಾಯ್ತಿ," ಎಂದರು ಗೌಡರು, ಯಮುನಮ್ಮ ಅಲ್ಲೇ ಇದ್ದಾಳೆಂಬುದನ್ನೂ ನೋಡದೆ. "ಪುಕ್ಸಟ್ಟೆ ಹಣ್ಣಿಂದು ಎಷ್ಟು ಕೆಲ್ಸ ಮಾಡೀತು? ಅಸಲಿ ಮಾಲು ತರಿಸ್ತೀನಿ."

ಹಾಗೆ ಬಂದದ್ದು ಆ ಬಾಟಲಿ. ಸಾಗರದಿಂದ ಅಡಿಕೆ ಹೇರಿಕೊಂಡು ಗೋವಾದವರೆಗೂ ಹೋಗಿಬರುತ್ತಿದ್ದ ಲಾರಿ ಡ್ರೈವರ್ ಶಂಭು ಅದನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನ ಹಾಗೆ ತಂದು ಜಗಲಿಯ ಮೇಲಿಟ್ಟ. ಕಡು ಹಸಿರು ಗಾಜು, ಮೇಲೆ ಬಂಗಾರದ ಅಕ್ಷರ. ಜಲಜಮ್ಮ ಅದಕ್ಕೊಂದು ಮಣೆ ಹಾಕಿದರು. ಕುಂಕುಮ ಹಚ್ಚಲು ಹೊರಟವರನ್ನು ಗೌಡರೇ ತಡೆದರು. ಬಿರಡೆ ತೆಗೆಯುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಂಭು ಲಾರಿಯಿಂದ ಒಂದು ತಿರುಪಿನ ಮೊಳೆ ತಂದು, ಬಾಟಲಿಯನ್ನು ತೊಡೆಗಳ ನಡುವೆ ಅವುಚಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಎಳೆದು ತೆಗೆದ.

"ಮೆಣಸು ಜಜ್ಜಿಟ್ಟೀನಿ, ಇತ್ಲಾಗೆ ಕೊಡ್ರಿ," ಎಂದಳು ಯಮುನಮ್ಮ, ಬಿಗಿದ ಮುಖದಲ್ಲಿ.

ಶಂಭು ಗಾಬರಿಯಾದ. "ಕುದಿಸ್ತೀರಾ? ಅಲ್ಲಿ ಯಾರೂ ಇದನ್ನ ಕುದಿಸಲ್ಲ ಯಮುನಮ್ಮ. ಹಾಗೇ ಕುಡೀತಾರೆ."

"ಅಲ್ಲಿ ಕುಡಿಯೋರು ಹಸಿ ಬಾಣಂತಿಯರೇನಾ? ಲಾರಿ ಹೆಂಗೆ ಬಿಡ್ಬೇಕು ಅಂತ ನಾನ್ ನಿಂಗೆ ಹೇಳ್ತೀನಾ? ಸುಮ್ನಿರು."

ಅಡಿಗೆ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಚೊಂಬಿಗೆ ಅರ್ಧ ಬಾಟಲಿ ಬಗ್ಗಿಸಿದಳು. ಬಗ್ಗಿಸುವಾಗ ಒಂದಿಷ್ಟು ಬಾಟಲಿಯ ಕೊರಳಿಂದಿಳಿದು ಅವಳ ಹೆಬ್ಬೆರಳ ಮೇಲೆ ಹರಿಯಿತು. ಇದು ಅವಳ ಭರಣಿಯದಲ್ಲ. ಇದಕ್ಕೆ ಎಂಜಲಿನ ಕಟ್ಟಿಲ್ಲ. ಹಸುವಿನ ಬೆಲೆಯದು, ವ್ಯರ್ಥ ಮಾಡುವುದೆಂತಕ್ಕೆ ಎಂದು ಬೆರಳನ್ನು ಬಾಯಿಗಿಟ್ಟುಕೊಂಡಳು.

ಇಟ್ಟುಕೊಂಡವಳು ಹಾಗೇ ನಿಂತಳು.

ಏನಿದು! ಸಿಹಿ ಎಂದುಕೊಳ್ಳುವಷ್ಟರಲ್ಲಿ ಸಿಹಿ ಹೋಗಿ ಹುಳಿ ಬಂತು, ಹುಳಿಯ ಹಿಂದೆಯೇ ಮರದ ವಾಸನೆ ಬಂತು, ಅದೂ ಹೋದ ಮೇಲೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮೊದಲ ಹನಿ ಬಿದ್ದಾಗಿನದೊಂದು ಪರಿಮಳ ಮೂಗಿನೊಳಗೆ ಉಳಿಯಿತು. ಒಂದು ಹನಿಯೊಳಗೆ ಇಷ್ಟು ಇರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೌಡರ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಯಾವ ಊರೋ, ಯಾರ ಕೈಯೋ, ಕಣ್ಣಲ್ಲಿ ಕಾಣದ ಆ ಮನುಷ್ಯರೂ ಹೀಗೇ ಹಣ್ಣು ಬಳಿದು, ತುಂಬಿ, ಬಾಯಿ ಮುಚ್ಚಿ, ಕಿವಿ ಹಚ್ಚಿ ಕಾದಿರಬೇಕು. ಅವರಿಗೆ ಕೈಮುಗಿಯಬೇಕೆನಿಸಿತು. ಮುಗಿದೇ ಬಿಟ್ಟಳು, ಒಲೆಯ ಮುಂದೆ, ಬಾಟಲಿಗೆ.

ಆದರೂ ಕಟ್ಟು ಕಟ್ಟೇ. ಮೆಣಸು, ಶುಂಠಿ, ಬೆಲ್ಲ ಹಾಕಿ ಕುದಿಸಿದಳು. ಪರಿಮಳವೆಲ್ಲ ಹೊಗೆಯ ಜೊತೆ ಹೆಂಚಿನ ಸಂದಿಗೆ ಹೋಯಿತು. ಅರ್ಧಕ್ಕೆ ಇಳಿದ ಮೇಲೆ ಲೋಟಕ್ಕೆ ಬಗ್ಗಿಸಿ, ಅಭ್ಯಾಸದಂತೆ ಚೊಂಬಿನ ತಳ ಸವರಿ ನೆಕ್ಕಿದಳು. ಖಾರ. ಒಗರು. ಸುಟ್ಟ ಬೆಲ್ಲ. ಅವಳದೇ ನೇರಳೆ ರಸ! ಕಣ್ಣು ಮುಚ್ಚಿಕೊಂಡು ನೆಕ್ಕಿದರೆ ಯಾವುದು ಅರವತ್ತು ರೂಪಾಯಿಯದು, ಯಾವುದು ಪುಕ್ಕಟೆ ಹಣ್ಣಿನದು ಎಂದು ಹೇಳಲು ಬ್ರಹ್ಮನಿಂದಲೂ ಆಗದು.

ಶಾಂತಮ್ಮ ಒಂದು ಗುಟುಕು ನುಂಗಿ, ಎರಡನೆಯದಕ್ಕೆ ಎಲ್ಲವನ್ನೂ ಕಕ್ಕಿಬಿಟ್ಟಳು. ಬಾಗಿಲಾಚೆ ನಿಂತಿದ್ದ ಗೌಡರು "ಅರ್ಧ ಹಸು ಹೋಯ್ತಲ್ಲೇ" ಎಂದು ತಲೆ ಹಿಡಿದುಕೊಂಡು ಕೂತರು. ಒಳಗೆ ಮಗು ಬತ್ತಿ ಚೀಪಿ ಸಾಕಾಗಿ ಅಳುತ್ತಿತ್ತು. ಅಳುವಿನಲ್ಲೂ ಈಗ ಶಕ್ತಿ ಕಡಿಮೆ.

ಯಮುನಮ್ಮ ಚೊಂಬು ಬೆಳಗಲು ಹಿತ್ತಿಲಿಗೆ ಹೋದಳು. ಬೂದಿ ಹಚ್ಚಿ ತಿಕ್ಕುತ್ತ ತಿಕ್ಕುತ್ತ ಕೈ ನಿಂತಿತು. ಆ ದೊಡ್ಡ ವಸ್ತು ಕುದಿದು ತನ್ನ ರಸದ ಹಾಗಾಯಿತು. ಹಾಗಾದರೆ ತನ್ನ ರಸ ಕುದಿಯುವ ಮುಂಚೆ ಏನಾಗಿತ್ತು?

ಆ ಪ್ರಶ್ನೆಯ ಬೆನ್ನಿಗೇ ಮೀನಾಕ್ಷಿಯ ದನಿ ಬಂತು. ಚಿಕ್ಕಂದಿನಿಂದ ಭರಣಿಯ ಬಾಯಿ ತೆಗೆದಾಗೆಲ್ಲ ಮೂಗು ತೂರಿಸುತ್ತಿದ್ದ ಹುಡುಗಿ. ಬಾಣಂತನದ ಆರನೇ ದಿನ, ಜ್ವರದಲ್ಲಿ, "ಅವ್ವಾ, ಕುದಿಸ್ಬೇಡ್ವೇ. ಭರಣಿದು ಹಾಗೇ ಒಂದ್ ಗುಟ್ಕು ಕೊಡೇ" ಎಂದಿದ್ದಳು. "ಸಾಯ್ಬೇಕಂತ ಮಾಡೀಯಾ?" ಎಂದು ಗದರಿ ಯಮುನಮ್ಮ ಕುದಿಸಿಯೇ ತಂದಿದ್ದಳು. ಮಗಳು ಲೋಟ ನೋಡಿ ಗೋಡೆಯ ಕಡೆ ಹೊರಳಿ ಮಲಗಿದಳು. ಎರಡು ದಿನಕ್ಕೆ ಹೋದಳು. ಕುಡಿದಿದ್ದರೂ ಉಳಿಯುತ್ತಿರಲಿಲ್ಲ, ಆ ಜ್ವರವೇ ಅಂಥದ್ದು, ಅದು ಯಮುನಮ್ಮನಿಗೆ ಗೊತ್ತು. ಆದರೆ ಕೇಳಿದ್ದನ್ನು ಕೊಡಲಿಲ್ಲವಲ್ಲ.

ಚೊಂಬನ್ನು ಅಲ್ಲೇ ಬಿಟ್ಟು ಎದ್ದಳು. ಗದ್ದೆಯ ಅಂಚಿನ ಮೇಲೆ, ತೆನೆ ಬಾಗಿದ ಭತ್ತದ ನಡುವೆ, ಐವತ್ತು ದಾಟಿದ ಹೆಂಗಸು ಓಡಿದ್ದನ್ನು ಕಂಡವರು ಎಲ್ಲೋ ಹೆರಿಗೆಯ ಕರೆ ಬಂದಿರಬೇಕೆಂದುಕೊಂಡರು.

ಮನೆಗೆ ಬಂದು ಕಣಜದ ಭತ್ತ ಸರಿಸಿ ಭರಣಿಯ ಮಣ್ಣು ಒಡೆದಳು. "ತಪ್ಪಾದ್ರೆ ಹೊಟ್ಟೇಲಿ ಹಾಕ್ಕೋ ಅತ್ತೆ," ಎಂದು ಗಟ್ಟಿಯಾಗಿಯೇ ಹೇಳಿ, ಸೌಟಿನಲ್ಲಿ ಮೊಗೆದು, ಮೂವತ್ತು ವರ್ಷದಲ್ಲಿ ಮೊದಲ ಸಲ, ಹಸಿಯಾಗಿ ಕುಡಿದಳು.

ಬಾಟಲಿಯದರ ಹಾಗೆ ಇರಲಿಲ್ಲ. ಅಷ್ಟು ನಯವಿಲ್ಲ, ಅಷ್ಟು ಗಾಂಭೀರ್ಯವಿಲ್ಲ. ಇದು ನಾಲಗೆಗೆ ಒಗರಾಗಿ ಕಚ್ಚಿಕೊಂಡಿತು, ಆಮೇಲೆ ಬಿಟ್ಟಿತು, ಬಿಟ್ಟಲ್ಲಿ ಹಳ್ಳದ ದಂಡೆ ಇತ್ತು. ಇಡೀ ದಂಡೆ. ಮಳೆಗೆ ಮುಂಚಿನ ಬೇಗೆ, ಮೇಲೆ ಕೂಗುವ ಮಂಗಟ್ಟೆ ಹಕ್ಕಿ, ಕಾಲಡಿ ಜಜ್ಜಿಹೋದ ಹಣ್ಣು, ನೇರಳೆ ಬಣ್ಣದ ನಾಲಗೆ ಚಾಚಿ ಅಣಕಿಸುವ ಮೀನಾಕ್ಷಿ, ಎಲ್ಲ. ಭತ್ತದೊಳಗೆ ಕತ್ತಲಲ್ಲಿ ಕೂತು ಇದು ಇಷ್ಟನ್ನೂ ಹಿಡಿದಿಟ್ಟುಕೊಂಡಿತ್ತು. ವರ್ಷ ವರ್ಷವೂ ಹಿಡಿದಿಟ್ಟುಕೊಂಡಿತ್ತು, ಅವಳು ವರ್ಷ ವರ್ಷವೂ ಕುದಿಸಿ ಹೊಗೆ ಮಾಡಿದ್ದಳು. ಯಮುನಮ್ಮ ಕಣಜದ ಬುಡದಲ್ಲಿ ಕೂತು ಭರಣಿಯನ್ನೇ ನೋಡಿದಳು. ಇದು ತನ್ನ ಕೈಯಿಂದ ಆದದ್ದು ಎಂದರೆ ತನ್ನ ಕೈಯನ್ನೇ ನಂಬಲಾಗಲಿಲ್ಲ.

ತಂಬಿಗೆಯಲ್ಲಿ ತುಂಬಿಕೊಂಡು ಗೌಡರ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು.

"ಕುದಿಸಿದ್ಯಾ?" ಎಂದರು ಜಲಜಮ್ಮ.

"ಇಲ್ಲ ಅಮ್ಮಾ."

ಜಲಜಮ್ಮ ಬಾಗಿಲಿಗೆ ಅಡ್ಡ ನಿಂತರು. "ನೀನೇ ಹೇಳ್ತಿದ್ದೆ ಅಲ್ದಾ, ಶೀತ ಆದ್ರೆ ಬಾಣಂತಿ ಉಳಿಯಲ್ಲ ಅಂತ?"

ಹೇಳಿದ್ದಳು, ನೂರು ಮನೆಯಲ್ಲಿ ಹೇಳಿದ್ದಳು. ಈಗ ಏನಾದರೂ ಆದರೆ ಹಳ್ಳದ ಎರಡೂ ದಂಡೆಯಲ್ಲಿ ಯಾರೂ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇನ್ನೊಬ್ಬಳು ಮಗಳು ಅವಳ ಕೈಯಲ್ಲಿ ಹೋಗುತ್ತಾಳೆ.

"ಹೇಳಿದ್ದೆ. ಇಷ್ಟು ದಿನ ಕುದಿಸಿ ಕೊಟ್ಟಿದ್ದೂ ಆಯ್ತು, ಹೊಟ್ಟೇಲಿ ನಿಂತಿಲ್ಲ. ಗೌಡ್ರ ಬಾಟ್ಲಿದೂ ಹಸಿಯಾಗೇ ತನ್ನಿ. ಎರಡೂ ಅವಳ ಮುಂದಿಡಾಣ. ಏನಾದ್ರೂ ಆದ್ರೆ ನನ್ ತಲೆ ಮೇಲಿರ್‍ಲಿ."

ಮೊದಲು ಬಾಟಲಿಯದನ್ನು ಒಂದು ಚಮಚ ಕೊಟ್ಟರು. ಶಾಂತಮ್ಮ ಕಣ್ಣು ಮುಚ್ಚಿ ನುಂಗಿದಳು. ಎಲ್ಲರೂ ಕಾದರು. ಕಕ್ಕಲಿಲ್ಲ. "ಚೆನ್ನಾಗಿದೆ," ಎಂದಳು, ದೂರದ ನೆಂಟರ ಮುಂದೆ ಹೇಳುವ ಹಾಗೆ. ಆಮೇಲೆ ತಂಬಿಗೆಯದನ್ನು ಕೊಟ್ಟರು. ನುಂಗಿದವಳು ಕಣ್ಣು ಬಿಟ್ಟಳು. ಮೇಲುತುಟಿ ನೆಕ್ಕಿಕೊಂಡಳು.

"ಯಮುನಮ್ಮ, ಇದು ಹಳ್ಳದ ದಂಡೆ ಮರದ್ದಲ್ವಾ?"

"ಹೌದು ಮಗಾ."

"ನಾನೂ ಮೀನಾಕ್ಷಿನೂ ಹತ್ತಿ ಬಿದ್ದಿದ್ದು ಅದರಿಂದ್ಲೇ. ಇನ್ನೊಂಚೂರು ಕೊಡು."

ಮೂರು ಚಮಚ ಕುಡಿದಳು. ಸ್ವಲ್ಪ ಹೊತ್ತಿಗೆ, "ಅನ್ನ ಇದ್ಯಾ?" ಎಂದಳು. ಜಲಜಮ್ಮ ಅಡಿಗೆ ಮನೆಗೆ ಓಡಿದ ರಭಸಕ್ಕೆ ಬಾಗಿಲಲ್ಲಿದ್ದ ಗೌಡರಿಗೆ ಢಿಕ್ಕಿ ಹೊಡೆದರು.

ಯಮುನಮ್ಮ ಆ ದಿನವೂ ಮಾರನೆಯ ದಿನವೂ ಬಾಣಂತಿಯ ಪಾದ ಮುಟ್ಟಿ ಮುಟ್ಟಿ ನೋಡಿದಳು. ಪಾದ ಬೆಚ್ಚಗೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಮಗು ಬತ್ತಿಯನ್ನು ಉಗುಳಿ, ತಾಯಿಯ ಎದೆಗೆ ಬಾಯಿ ಹಾಕಿ, ಗುಟುಕರಿಸುವ ಸದ್ದು ಕೋಣೆಯ ತುಂಬ ಕೇಳಿಸಿತು.

"ನೋಡ್ದ್ಯಾ?" ಎಂದು ಗೌಡರು ಮೀಸೆ ತೀಡಿದರು. "ದುಡ್ಡು ಕೊಟ್ಟಿದ್ದು ಸುಳ್ಳಾಗ್ಲಿಲ್ಲ. ನನ್ ಬಾಟ್ಲಿ ಕೆಲ್ಸ ಮಾಡ್ತು."

ಬಾಟಲಿಯಲ್ಲಿ ಉಳಿದಿದ್ದ ಅರ್ಧದಲ್ಲಿ ಬೆರಳುದ್ದ ಮಾತ್ರ ಇಳಿದಿತ್ತು. ತಂಬಿಗೆ ನಾಲ್ಕು ಸಲ ಖಾಲಿಯಾಗಿತ್ತು. ಯಮುನಮ್ಮ ಅದನ್ನು ಎತ್ತಿ ಆಡಲಿಲ್ಲ. "ಹೌದು ಗೌಡ್ರೇ," ಎಂದಳು, ಮನಸ್ಸಿನಿಂದಲೇ. "ನಂಗೆ ಹೇಳಿಕೊಟ್ಟಿದ್ದು ಅದೇ."

ದೀಪಾವಳಿ ಬಂತು. ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ಯಮುನಮ್ಮ ಅತ್ತೆಗೆ, ಮಾವನಿಗೆ, ಗಂಡನಿಗೆ ಎಲೆ ಹಾಕಿ ಅವರವರಿಗೆ ಇಷ್ಟವಾದದ್ದನ್ನು ಬಡಿಸಿದಳು. ಕೊನೆಗೆ ಮಗಳ ಎಲೆ. ಆ ದಿನ ಒಲೆಯ ಮೇಲೆ ತಾಮ್ರದ ಚೊಂಬು ಏರಿರಲಿಲ್ಲ. ಅವಳು ಭರಣಿಯನ್ನೇ ಎಲೆಯ ಪಕ್ಕಕ್ಕೆ ತಂದು, ಬಾಯಿ ತೆಗೆದು, ಲೋಟದ ಅಂಚಿನವರೆಗೆ ಬಗ್ಗಿಸಿದಳು. ಕೋಣೆಯ ತುಂಬ ಹಳ್ಳದ ದಂಡೆಯ ಪರಿಮಳ ಎದ್ದಿತು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ ಹೊರಗೆ ನಿಲ್ಲಬೇಕು. ಯಮುನಮ್ಮ ಬಾಗಿಲನ್ನು ಅರ್ಧ ಎಳೆದವಳು ಮತ್ತೆ ಒಳಗೆ ಬಗ್ಗಿದಳು.

"ಮೀನಾಕ್ಷೀ," ಎಂದಳು. "ಈ ಕಡೆ ತಿರುಗು ಮಗಾ. ಕುದಿಸಿಲ್ಲ."